ಎರಡು ಗಾಳಿಕೋವಿ, ಒಂದು ಎಡ ಭುಜ

ಹತ್ತು ಮೀಟರ್ ಆಚೆ ನಿಲ್ಲಿಸಿದ ರಟ್ಟಿನ ಕಾರ್ಡಿನಲ್ಲಿ, ಕಪ್ಪು ವೃತ್ತದ ನಟ್ಟನಡುವೆ, ಒಂದು ಬಿಳಿ ಚುಕ್ಕೆ ಇರುತ್ತದೆ. ಗಸಗಸೆ ಕಾಳಿಗಿಂತ ದೊಡ್ಡದಲ್ಲ. ಗಾಳಿಕೋವಿಯ ಸೀಸದ ಗುಂಡು ಆ ಚುಕ್ಕೆಯನ್ನು ಅಳಿಸಿಹಾಕಿದರೆ ಹತ್ತು ಅಂಕ. ಅದನ್ನು ಅಳಿಸುವುದಕ್ಕೆಂದೇ ನಮ್ಮ ಊರಿನ ಇಪ್ಪತ್ತೆಂಟು ಮಂದಿ ಪ್ರತಿ ಭಾನುವಾರ ಬೆಳಿಗ್ಗೆ ಹಳೆಯ ಬೀಡಿ ಕಾರ್ಖಾನೆಯ ಉಗ್ರಾಣದಲ್ಲಿ ಸೇರುತ್ತಿದ್ದೆವು. ನಾನು ಈಗ ಹೇಳಹೊರಟಿರುವುದು ಅಲ್ಲಿ ನಡೆದದ್ದು. ಒಗ್ಗರಣೆ ನನ್ನದು, ಬೇಳೆ ನಿಜದ್ದು. ನಗು ಬಂದರೆ ಧಾರಾಳವಾಗಿ ನಗಿ. ಆದರೆ ನಾನಿದನ್ನು ನಗಿಸುವುದಕ್ಕೆ ಬರೆಯುತ್ತಿಲ್ಲ; ಇಷ್ಟು ವರ್ಷವಾದರೂ ಆರದ ಸಿಟ್ಟಿನಿಂದ ಬರೆಯುತ್ತಿದ್ದೇನೆ.

ನನ್ನ ಪರಿಚಯ ಮೊದಲು ಆಗಿಬಿಡಲಿ. ಕಾಲೇಜು ಮುಗಿಸಿ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಪದ ಕೈಗೆ ಸಿಕ್ಕರೆ ತಿರುಚದೆ ಬಿಡುವವನಲ್ಲ. ಮದುವೆಯಾದ ಹೊಸದರಲ್ಲಿ ಮಾವನವರ ಮುಂದೆ, "ಭಾನುವಾರ ಬೆಳಿಗ್ಗೆ ಒಂದಷ್ಟು ಗುಂಡು ಹಾಕಿ ಬರ್ತೀನಿ" ಎಂದಿದ್ದಕ್ಕೆ ಅವರು ಮಗಳ ಟ್ರಂಕು ಕಟ್ಟಿಸಲು ಹೊರಟಿದ್ದರು. ಅದಕ್ಕಿಂತ ದೊಡ್ಡ ಚಟ ಅನುಕರಣೆಯದು. ಒಬ್ಬರ ದನಿಯನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿನಿಂದಲೇ ಹೊರಡುತ್ತಿತ್ತು. ಕ್ಲಬ್ಬಿನವರು ನನ್ನನ್ನು ಸಹಕಾರ್ಯದರ್ಶಿ ಮಾಡಿದ್ದೂ ಅದಕ್ಕೇ ಇರಬೇಕು. ಪ್ರತಿ ಸಭೆಯ ಕೊನೆಗೆ ಕಾಫಿ, ಬಿಸ್ಕತ್ತು ಮತ್ತು ನನ್ನದೊಂದು ಐಟಂ.

ಕಾರ್ಯದರ್ಶಿ ಶೇಷಾಚಲಯ್ಯನವರು ವಿದ್ಯುತ್ ಮಂಡಳಿಯಿಂದ ನಿವೃತ್ತರಾದ ಇಂಜಿನಿಯರು. ಅವರಿಗೆ ತಮ್ಮ ಕಿವಿಯ ಮೇಲೆ ಅಪಾರ ಅಭಿಮಾನ. "ಟ್ರಾನ್ಸ್‌ಫಾರ್ಮರ್ ಮುಂದೆ ಕಣ್ಣು ಮುಚ್ಚಿ ನಿಂತ್ರೆ ಸಾಕು ಕಣಯ್ಯಾ, ಒಳಗೆ ಎಲ್ಲಿ ಕೆಟ್ಟಿದೆ ಅಂತ ಹೇಳ್ತಿದ್ದೆ. ಬಿಚ್ಚಿ ನೋಡೋದೆಲ್ಲ ಕಿವಿ ಇಲ್ದೋರ ಕೆಲಸ" ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಹಾಗೆ ಬರೆಯಲು ನನಗೆ ಇಷ್ಟವಿಲ್ಲ, ಆದರೆ ನಿಜ.

ವಾರಿಜಾಕ್ಷಿಯವರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವರು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಹನ್ನೊಂದು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ. ಎಡಗೈಯವರಾದ್ದರಿಂದ ಅವರಿಗೆ ಒಗ್ಗುತ್ತಿದ್ದುದು ಕ್ಲಬ್ಬಿನ ಒಂದೇ ಒಂದು ಹಳೆಯ ಕೋವಿ; ಅದರ ಮರದ ಹಿಡಿಕೆ ಎರಡೂ ಪಕ್ಕಕ್ಕೆ ಒಂದೇ ಸಮ ಇತ್ತು. ಆ ಹಳೆಯದರಲ್ಲೇ, ನಮ್ಮೆಲ್ಲರ ಪೈಕಿ, ಗಸಗಸೆ ಕಾಳಿಗೆ ತೀರ ಹತ್ತಿರ ಹೋಗುತ್ತಿದ್ದವರು ಅವರೊಬ್ಬರೇ. ಆ ವರ್ಷ ಅದರ ಗಾಳಿಕೋಶ ಸೀಳಿಹೋಯಿತು. ಗುರಿ ಹೊಡೆಯುವ ರೇಂಜನ್ನು ನೋಡಿಕೊಳ್ಳುತ್ತಿದ್ದ, ರಿಪೇರಿಯೆಲ್ಲ ಬಲ್ಲ ಇಮಾಮ್ ಸಾಬರು ಮೂರು ಸಲ ಬೆಸೆದು ನೋಡಿ, ನಾಲ್ಕನೆಯ ಸಲ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಉಳಿದ ಕೋವಿಗಳೆಲ್ಲ ಬಲಭುಜದವು. ವಾರಿಜಾಕ್ಷಿಯವರು ಆಮೇಲೂ ಭಾನುವಾರ ಬರುತ್ತಿದ್ದರು. ಬಂದು ಬೇರೆಯವರ ಕಾರ್ಡುಗಳ ಅಂಕ ಎಣಿಸಿಕೊಟ್ಟು ಹೋಗುತ್ತಿದ್ದರು.

ಅಷ್ಟರಲ್ಲಿ, ತೀರಿಕೊಂಡ ಸದಸ್ಯರೊಬ್ಬರ ಮಕ್ಕಳು ತಂದೆಯ ನೆನಪಿಗೆ ಕ್ಲಬ್ಬಿಗೆ ಒಳ್ಳೆಯದೊಂದು ಗಾಳಿಕೋವಿ ಕೊಡಿಸುವುದಾಗಿ ಹೇಳಿಕಳಿಸಿದರು. ಒಂದೇ ಒಂದು, ಆದರೆ ಅತ್ಯುತ್ತಮವಾದದ್ದು, ನೀವೇ ಆರಿಸಿ ಎಂದರು. ಅಂಗಡಿಯವರು ಒಂದು ವಾರದ ಪರೀಕ್ಷೆಗೆಂದು ಎರಡನ್ನು ಕಳಿಸಿದರು.

ಒಂದು ಕಪ್ಪು. ಅಲ್ಯುಮಿನಿಯಂ ಮೈ, ಹದಿನಾಲ್ಕು ಕಡೆ ತಿರುಪು. ಕೆನ್ನೆ ಒರಗಿಸುವ ಪಟ್ಟಿ, ಭುಜಕ್ಕೆ ಆನಿಸುವ ಕೊಕ್ಕೆ, ಎಲ್ಲವೂ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯುತ್ತಿದ್ದವು. ಹೊಡೆದಾಗ ಹಿಂದಕ್ಕೆ ಒದೆಯದಂತೆ ಒಳಗೊಂದು ತೂಕದ ಬಟ್ಟು ಓಡಾಡುತ್ತಿತ್ತಂತೆ. ಹಿಡಿಕೆ ಮಾತ್ರ ಬಲಗೈಯನ್ನು ಎರಕ ಹೊಯ್ದು ತೆಗೆದ ಹಾಗೆ: ಹೆಬ್ಬೆರಳಿಗೊಂದು ತಗ್ಗು, ಅಂಗೈಗೊಂದು ಉಬ್ಬು. ಇನ್ನೊಂದು ಆಕ್ರೋಟ್ ಮರದ್ದು. ಅರ್ಧ ಕಿಲೋ ಹಗುರ. ತಿರುಪು ಐದೇ. ಹಿಡಿಕೆ ಎರಡೂ ಕೈಗೆ ಸಮ. ಗುಂಡು ತುಂಬುವ ಸನ್ನೆಯನ್ನು ಎರಡು ಸ್ಕ್ರೂ ಬಿಚ್ಚಿದರೆ ಆ ಪಕ್ಕದಿಂದ ಈ ಪಕ್ಕಕ್ಕೆ ಹಾಕಬಹುದಿತ್ತು. ಎರಡರ ಹೊಟ್ಟೆಯಲ್ಲೂ ಒತ್ತಿ ತುಂಬಿದ ಗಾಳಿಯ ಒಂದೇ ಬಗೆಯ ಸಿಲಿಂಡರು.

ಇಮಾಮ್ ಸಾಬರು ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಒಂದು ಸಂಜೆ ಎರಡನ್ನೂ ಒಂದೊಂದಾಗಿ ಮೇಜಿನ ಬಿಗಿಪಟ್ಟಿಗೆ ಕಚ್ಚಿಸಿ, ಒಂದೇ ಡಬ್ಬಿಯ ಗುಂಡು ಹಾಕಿ, ಐದೈದು ಹೊಡೆದರು. ಎರಡು ಕಾರ್ಡಿನಲ್ಲೂ ಐದು ಗುಂಡಿಗೆ ಒಂದೇ ತೂತು. ಎರಡು ಕಡೆಯೂ ಬಿಳಿ ಚುಕ್ಕೆಯ ಸುಳಿವಿರಲಿಲ್ಲ. ಸಾಬರು ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರು. "ನೋಡಿ ಸಾರ್, ಇದರ ತೂತಲ್ಲಿ ಅದರ ತೂತು. ನಳಿಗೇಲಿ ಏನೂ ಫರಕ್ ಇಲ್ಲ. ಫರಕ್ ಇರೋದು ಹಿಡ್ಕೊಳ್ಳೋರ ಮೈಯಲ್ಲಿ."

ಈ ಒಂದು ಮಾತು ಸಮಿತಿಯ ತಲೆಗೆ ಹೋಗಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಶೇಷಾಚಲಯ್ಯನವರು ಹನ್ನೆರಡು ಕಲಮುಗಳ ಒಂದು ಹೋಲಿಕೆ ಪಟ್ಟಿ ಮಾಡಿದ್ದರು. ಟ್ರಿಗರ್‌ನ ಮೃದುತ್ವ, ತೂಕದ ಹಂಚಿಕೆ, ಒದೆತ, ನೋಟ, ಬಣ್ಣ ಕೂಡ. 'ಕ್ಲಬ್ಬಿನ ಘನತೆ' ಎಂಬುದಕ್ಕೇ ಒಂದು ಕಲಂ, ಅದರಲ್ಲಿ ಕರಿಯದಕ್ಕೆ ಹತ್ತಕ್ಕೆ ಹತ್ತು. 'ಇದನ್ನು ಹೊಡೆಯುವವರು ಯಾರು' ಎಂಬುದಕ್ಕೆ ಮಾತ್ರ ಕಲಂ ಇರಲಿಲ್ಲ. ನನ್ನನ್ನು ಬಿಟ್ಟರೆ ಸಮಿತಿಯಲ್ಲಿದ್ದವರು ಐವರು. ಐವರೂ ಬಲಗೈಯವರು, ನಾಲ್ವರಿಗೆ ಮನೆಯಲ್ಲಿ ಸ್ವಂತ ಕೋವಿ. ತಾವು ಉಣ್ಣದ ಊಟಕ್ಕೆ ಉಪ್ಪು ನೋಡುವವರ ಹಾಗೆ ಇವರು ದಿನವೂ ಬಂದು ಎರಡೆರಡು ಗುಂಡು ಹೊಡೆದು, ತುಟಿ ಚಪ್ಪರಿಸಿ, ಪಟ್ಟಿ ತುಂಬುತ್ತಿದ್ದರು. ಆ ವಾರ ಅಲ್ಲಿ ಕೋವಿ ಹೊಡೆದದ್ದಕ್ಕಿಂತ ಗಾಳಿ ಹೊಡೆದದ್ದೇ ಹೆಚ್ಚು.

ಗುರುವಾರ ವಾರಿಜಾಕ್ಷಿಯವರು ಕಚೇರಿ ಮುಗಿಸಿ ಬಂದರು. ಮೊದಲು ಮರದ್ದನ್ನು ಎತ್ತಿ ಎಡ ಭುಜಕ್ಕೆ ಇಟ್ಟುಕೊಂಡರು. ಅಂಗಿಗೆ ತೋಳು ತೂರಿಸಿದಷ್ಟು ಸಲೀಸಾಗಿ ಅದು ಅಲ್ಲಿ ಕೂತಿತು. ಹತ್ತು ಹೊಡೆದರು. ಆಮೇಲೆ ಕರಿಯದು. ಹೆಬ್ಬೆರಳು ಇಡಲು ಜಾಗವಿಲ್ಲ, ಅಂಗೈಯ ಉಬ್ಬು ಮಣಿಕಟ್ಟನ್ನು ತಳ್ಳುತ್ತಿದೆ, ಕೆನ್ನೆಪಟ್ಟಿ ದವಡೆಗೆ ಚುಚ್ಚುತ್ತಿದೆ. ಕೆಳಗಿಟ್ಟರು.

ಶೇಷಾಚಲಯ್ಯನವರು ಪಟ್ಟಿಯಿಂದ ತಲೆ ಎತ್ತಿ, "ಬಲಗಡೆಗೆ ಹಿಡೀರಿ ಮೇಡಂ. ಒಂದು ತಿಂಗಳು ಅಭ್ಯಾಸ ಮಾಡಿದ್ರೆ ತಾನಾಗೇ ಬರುತ್ತೆ" ಎಂದರು.

"ನನ್ನ ಬಲಗಣ್ಣು ಮಂದ ಸಾರ್. ಹುಟ್ಟಿದಾಗಿನಿಂದ."

"ಅದೂ ಅಭ್ಯಾಸದ ಮೇಲೆ ಬರುತ್ತೆ ಮೇಡಂ."

"ಕಣ್ಣು ಬರುತ್ತಾ ಸಾರ್?"

ಸಮಿತಿಯ ದಂತವೈದ್ಯ ಉಮಾಪತಿ ಕಿಸಕ್ಕೆಂದರು. ಶೇಷಾಚಲಯ್ಯನವರಿಗೆ ಮುಖ ಕೆಂಪಾಯಿತು. "ಎಡಗೈ ಹಿಡಿಕೆ ಬೇರೆ ತರಿಸಬಹುದಂತೆ, ನಾನೇ ವಿಚಾರಿಸಿದ್ದೀನಿ. ಆದ್ರೆ ಒಬ್ಬರಿಗೋಸ್ಕರ ವಾರವಾರ ಬಿಚ್ಚಿ ಹಾಕ್ತಾ ಇದ್ರೆ ಸೆಟ್ಟಿಂಗ್ ಎಲ್ಲಾ ಹಾಳಾಗುತ್ತಲ್ಲ? ಒಬ್ಬರಿಗೋಸ್ಕರ?"

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ವಾರಿಜಾಕ್ಷಿಯವರು ನನಗೆ ಒಂದು ಹಾಳೆ ಕೊಟ್ಟರು. ನಮ್ಮಲ್ಲಿ ಒಂದು ಕಟ್ಟಳೆ ಇತ್ತು: ಸಮಿತಿಯ ಸಭೆಯಲ್ಲಿ ಸದಸ್ಯರು ಕೂರಬಹುದು, ಮಾತಾಡುವಂತಿಲ್ಲ. ಹೇಳುವುದಿದ್ದರೆ ಅರ್ಜಿ ಕೊಡಬೇಕು, ಅದನ್ನು ಸಹಕಾರ್ಯದರ್ಶಿಯೇ ಓದಬೇಕು, ಆಮೇಲೆ ಕೈ ಎತ್ತಿ ತೀರ್ಮಾನ. ಎಂದರೆ ಅವರ ಬಾಯಿ ನಾನು.

"ಊಟಕ್ಕೆ, ಆರತಿಗೆ, ಅಂಗಡಿಯಲ್ಲಿ ದುಡ್ಡು ಕೊಡೋದಕ್ಕೆ, ಎಲ್ಲಾ ಕಡೆ ಬಲಗೈ ಮಾಡ್ಕೊಂಡೆ" ಎಂದರು ವಾರಿಜಾಕ್ಷಿ. "ಸ್ಕೂಲಲ್ಲಿ ಎಡಗೈ ಬೆರಳ ಮೇಲೆ ಸ್ಕೇಲಲ್ಲಿ ಹೊಡೆದ್ರು, ಬರೆಯೋದೂ ಬಲಗೈ ಆಯ್ತು. ಇಲ್ಲಿ ಮಾತ್ರ ಹನ್ನೊಂದು ವರ್ಷ ಯಾರೂ ಕೈ ಬದಲಾಯಿಸು ಅಂದಿರಲಿಲ್ಲ." ಸೈಕಲ್ಲಿನ ಬೀಗ ತೆಗೆಯುತ್ತಾ ಮತ್ತೆ ಹೇಳಿದರು: "ಬಿಡೋದೇ ಆದ್ರೆ ಬಿಡ್ತೀನಿ. ಕೇಳದೇನೇ ಬಿಟ್ಟೆ ಅಂತ ಆಗಬಾರದು. ಬರವಣಿಗೆ ತಪ್ಪಿದ್ರೆ ತಿದ್ದಿ ಓದಿ."

"ಭಾನುವಾರ ಮೊದಲ ವಿಷಯಾನೇ ನಿಮ್ಮ ಅರ್ಜಿ" ಎಂದು ಮಾತು ಕೊಟ್ಟೆ. ಮನೆಗೆ ಹೋಗಿ ಓದಿದೆ. ಒಂಬತ್ತು ಸಾಲು. ತಿದ್ದುವುದೇ ಹೊಟ್ಟೆಪಾಡಾದ ನನಗೆ ತಿದ್ದಲು ಒಂದು ಕೊಂಬು, ಒಂದು ಇಳಿ ಕೂಡ ಸಿಗಲಿಲ್ಲ.

ಮಾತಿನಂತೆ ನಡೆದುಕೊಂಡಿದ್ದರೆ? ಇಲ್ಲ, ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಬೇರೆಯವರು ಕೂಗುತ್ತಾರೆ, ನಾನು ನಾಟಕ ಕಟ್ಟುತ್ತೇನೆ. ಶುಕ್ರವಾರ ಶೇಷಾಚಲಯ್ಯನವರು ಹೋಲಿಕೆ ಪಟ್ಟಿಗೆ ಹದಿಮೂರನೆಯ ಕಲಂ ಸೇರಿಸಿದರು: ನಾದ. "ಕರಿದು ಹೊಡೆದ್ರೆ ಮಾತು ಮುಗೀತು ಅನ್ನಿಸುತ್ತೆ ಕಣಯ್ಯಾ. ಮರದ್ದು ಹೊಡೆದ್ರೆ ಇನ್ನೂ ಏನೋ ಗೊಣಗ್ತಾ ಇರುತ್ತೆ. ನಳಿಗೆ ಒಳಗೆ ಸಡಿಲ ಇದೆ ಅಂತ ಅರ್ಥ. ಕಣ್ಣು ಕಟ್ಟಿ ಕೂರಿಸು, ಹತ್ತಕ್ಕೆ ಹತ್ತು ಹೇಳ್ತೀನಿ ಯಾವುದು ಅಂತ." ಬಿಗಿಪಟ್ಟಿಯಲ್ಲಿ ಕೂತು ಒಂದೇ ತೂತು ಹೊಡೆದಿದ್ದ ಕೋವಿಗೆ ಸಡಿಲದ ಆಪಾದನೆ! ಆ ಕಲಮಿನಲ್ಲಿ ಮರದ್ದಕ್ಕೆ ಮೂರು ಅಂಕ ಬಿದ್ದಾಗ ನನ್ನ ಕಿವಿಯಿಂದ ಹೊಗೆ ಬಂತು.

ಶನಿವಾರ ಇಮಾಮ್ ಸಾಬರ ಮುಂದೆ ಅಭ್ಯಾಸ ಮಾಡಿದೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ, ತುಟಿ ಬಿಗಿದು, ಹೊಟ್ಟೆಯಿಂದ ಗಾಳಿ ತಳ್ಳಿದರೆ ಕರಿಯದರ 'ಠಪ್'. ತುಟಿಯನ್ನು ಸ್ವಲ್ಪ ಸಡಿಲಿಸಿದರೆ ಮರದ್ದರ 'ಥಫ್'. ಗುಂಡು ಹೋಗಿ ಕಾರ್ಡಿನ ಹಿಂದಿನ ತಗಡಿಗೆ ಬಡಿಯುವ ಸದ್ದಿಗೆ ಸಾಬರು ಖಾಲಿ ಗುಂಡಿನ ಡಬ್ಬಿಯ ಮೇಲೆ ಉಗುರಿನಿಂದ ಚಿಮ್ಮಬೇಕು. ಅವರು ಚಿಮ್ಮಿದರು, ಕ್ಷಣಕಾಲವೂ ಹೆಚ್ಚು ಕಡಿಮೆಯಾಗಲಿಲ್ಲ. ಆದರೆ ಮುಖ ಗಂಟಿಕ್ಕಿತ್ತು.

"ಸಾರ್, ಕೋಪ ಬಂದಿದ್ರೆ ಕೋಪ ಮಾಡ್ಕೊಳ್ಳಿ. ತಮಾಷೆ ಯಾಕೆ?"

"ತಮಾಷೆ ಅಲ್ಲ ಸಾಬ್ರೇ, ಚಿಕಿತ್ಸೆ. ಆ ಕಿವಿ ಸುಳ್ಳು ಅಂತ ಹತ್ತು ಜನರ ಮುಂದೆ ಗೊತ್ತಾದ್ರೆ ಪಟ್ಟಿ ಪೂರಾ ಸುಳ್ಳು ಅಂತ ಗೊತ್ತಾಗುತ್ತೆ. ಆಗ ಅರ್ಜಿ ಓದ್ತೀನಿ. ಆಗ ಯಾರು ಬೇಡ ಅಂತಾರೆ?"

ಸಾಬರು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. "ನಿಮಗೆ ತಿಳಿದ ಹಾಗೆ."

ಭಾನುವಾರ ಸಭೆ ರೇಂಜಿನ ಪಕ್ಕದ ಕೋಣೆಯಲ್ಲಿ. ನಡುವೆ ಒಂದು ಬಾಗಿಲು. ಸಮಿತಿಯವರಲ್ಲದೆ ಇಪ್ಪತ್ತು ಮಂದಿ ಸದಸ್ಯರು ಸೇರಿದ್ದರು. ವಾರಿಜಾಕ್ಷಿಯವರು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ನನ್ನ ಕೈಯ ಫೈಲನ್ನೇ ನೋಡುತ್ತಿದ್ದರು. ನಾನು ಎದ್ದು, "ಮೊದಲ ವಿಷಯಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ" ಎಂದೆ. ಶೇಷಾಚಲಯ್ಯನವರ ಕಿವಿಯನ್ನು ಹೊಗಳಿದೆ, ಅದರ ಹದಿಮೂರನೆಯ ಕಲಮನ್ನು ಹೊಗಳಿದೆ. ಅವರು ತಾವಾಗಿಯೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಟವೆಲ್ಲನ್ನು ಕಣ್ಣಿಗೆ ಕಟ್ಟಿಕೊಂಡರು.

"ಹೂಂ, ಶುರು ಮಾಡು. ಯಾರೂ ಉಸಿರಾಡಬೇಡಿ."

ಎರಡೂ ಕೋವಿಗಳು ಎಲ್ಲರ ಕಣ್ಣೆದುರೇ, ಮೇಜಿನ ಮೇಲೆ, ಮುಚ್ಚಿದ ಪೆಟ್ಟಿಗೆಗಳಲ್ಲಿದ್ದವು. ನಾನು ಬಾಗಿಲಿನ ಹೊಸ್ತಿಲ ಮೇಲೆ ಬರಿಗೈಯಲ್ಲಿ ನಿಂತು ಅಂಗೈಗಳನ್ನು ಸದಸ್ಯರಿಗೆ ತೋರಿಸಿದೆ. ಆಮೇಲೆ ತುಟಿ ಬಿಗಿದೆ. 'ಠಪ್'. ಸಾಬರ ಉಗುರು, 'ಟಣ್'.

"ಕರಿದು" ಎಂದರು ಶೇಷಾಚಲಯ್ಯ. "ಸಂದೇಹವೇ ಇಲ್ಲ. ಆ ಬಿಗಿ ಕೇಳಿದ್ರಾ?"

'ಥಫ್'. 'ಟಣ್'.

"ಮರದ್ದು. ಪಾಪ, ಕೆಮ್ಮಿತು."

ಉಮಾಪತಿ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಮೂರನೆಯದಕ್ಕೆ ಒಂದಿಬ್ಬರು ಹೊರಗೆ ಓಡಿದರು. ಐದನೆಯದಕ್ಕೆ ವಾರಿಜಾಕ್ಷಿಯವರ ತುಟಿಯೂ ಅಲುಗಿದ್ದನ್ನು ಕಂಡೆ. ಅದೇ ನನಗೆ ಮತ್ತಷ್ಟು ಮದ ಏರಿಸಿತು. ಏಳನೆಯದನ್ನು ಬೇಕೆಂದೇ ಎರಡರ ನಡುವೆ ತೇಲಿಸಿದೆ. ಶೇಷಾಚಲಯ್ಯನವರು ತಲೆ ವಾಲಿಸಿ, "ಕರಿದೇ. ಆದ್ರೆ ಸಿಲಿಂಡರಲ್ಲಿ ಗಾಳಿ ಇಳಿದಿದೆ. ಇಮಾಮ್ ಸಾಬ್ರೇ, ತುಂಬಿ" ಎಂದರು. ಹತ್ತು ಮುಗಿದವು. ಅವರು ಒಂದೊಂದಕ್ಕೂ ಕಾರಣ ಕೊಟ್ಟಿದ್ದರು.

"ಟವೆಲ್ ತೆಗೀರಿ ಸಾರ್" ಎಂದೆ.

ತೆಗೆದರು. ಮುಚ್ಚಿದ ಪೆಟ್ಟಿಗೆ ನೋಡಿದರು, ನನ್ನ ಬರಿಗೈ ನೋಡಿದರು, ಸಾಬರ ಕೈಯ ಡಬ್ಬಿ ನೋಡಿದರು. ನಾನು ಅವರ ಮುಖಕ್ಕೇ ಇನ್ನೊಂದು 'ಠಪ್' ಹೊಡೆದೆ.

ಈಗ, ಎಂದುಕೊಂಡೆ. ಈಗ ನಾಚಿಕೆ ಬರುತ್ತದೆ, ಪಟ್ಟಿ ಹರಿಯುತ್ತದೆ. ಫೈಲಿನಿಂದ ಅರ್ಜಿಯನ್ನು ಅರ್ಧ ಎಳೆದೂ ಇದ್ದೆ.

ಶೇಷಾಚಲಯ್ಯನವರು ನಕ್ಕರು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. "ಅಯ್ಯೋ ಪಾಪಿ! ನಿನ್ನ ಬಾಯಿಗೂ ನಾನು ಗಾಳಿ ತುಂಬಿ ಅಂದ್ನಲ್ಲೋ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಅವರು ನಕ್ಕಿದ್ದೇ ತಡ, ತಡೆದುಕೊಂಡಿದ್ದ ಇಪ್ಪತ್ತು ಮಂದಿಯೂ ಸ್ಫೋಟಗೊಂಡರು. ಶೇಷಾಚಲಯ್ಯನವರ ತಪ್ಪು ಆ ನಗುವಿನಲ್ಲಿ ಕರಗಿಹೋಯಿತು. ಒಬ್ಬ ಮನುಷ್ಯ ತನ್ನನ್ನು ತಾನೇ ನಗೆಯಾಡಿಕೊಂಡ ಮೇಲೆ ಅವನನ್ನು ಯಾರು ಏನೆಂದು ಕೇಳುತ್ತಾರೆ? ಎಲ್ಲರ ಕಣ್ಣಿಗೂ ಅವರು ಒಂದು ಗಳಿಗೆಯ ಹಿಂದಿಗಿಂತ ದೊಡ್ಡವರಾಗಿ ಕಂಡರು. "ಏನೇ ಹೇಳಿ, ಅವನ ಬಾಯಲ್ಲೂ ಕರಿದರ ಸದ್ದೇ ಚೆನ್ನಾಗಿತ್ತು!" ಎಂದು ಅವರು ಸೇರಿಸಿದಾಗ ಚಪ್ಪಾಳೆ ಬಿತ್ತು.

ನಾನು ಅರ್ಜಿಯನ್ನು ಓದತೊಡಗಿದೆ. "ಮಾನ್ಯರೇ, ನಾನು ಈ ಕ್ಲಬ್ಬಿನ ಹನ್ನೊಂದು ವರ್ಷದ ಸದಸ್ಯೆ. ನನ್ನ ಬಲಗಣ್ಣಿಗೆ ಗುರಿಯ ಚುಕ್ಕೆ ಕಾಣುವುದಿಲ್ಲ..."

"ವಾರಿಜಾ ಮೇಡಂ!" ಎಂದು ಉಮಾಪತಿ ಕೂಗಿದರು. "ಥೇಟ್! ಥೇಟ್ ಅವರೇ!"

ಮತ್ತೊಂದು ನಗೆಯ ಅಲೆ. ನಾನು ದನಿ ಏರಿಸಿ ಎರಡನೆಯ ಸಾಲಿಗೆ ಹೋದೆ. "ಎಡ ಭುಜಕ್ಕೆ ಒಗ್ಗುವ ಕೋವಿ ಬಂದರೆ ಬಲಗೈಯವರಿಗೂ ತೊಂದರೆಯಿಲ್ಲ..." ಅವರು ಇನ್ನೂ ನಕ್ಕರು.

"ಇದು ಯಾರ ದನಿಯೂ ಅಲ್ಲ, ನಂದು! ಸ್ವಲ್ಪ ಸುಮ್ಮನಿದ್ದು ಕೇಳ್ರೀ!" ಎಂದು ಮೇಜು ಗುದ್ದಿದೆ.

"ಈಗ ಶೇಷಾಚಲ ಸಾರ್ ಕೋಪದಲ್ಲಿ!" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. "ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಹೀಗೇ!"

ನನ್ನದೇ ಎಂದು ನಂಬಿಸಲು ನನ್ನ ಹತ್ತಿರ ಒಂದು ದನಿಯೂ ಉಳಿದಿರಲಿಲ್ಲ. ಒಂಬತ್ತು ಸಾಲಿನಲ್ಲಿ ಮೂರನೆಯದು ಆರಂಭವಾಗುವ ಹೊತ್ತಿಗೆ ಶೇಷಾಚಲಯ್ಯನವರು, ಕೆನ್ನೆಯ ಮೇಲೆ ನೀರು ಸುರಿಯುತ್ತಿರುವಂತೆಯೇ, "ಸರಿಯಪ್ಪಾ, ಸಭೆ ಮುಗಿಸೋಣ. ಕರಿದು ಬೇಕು ಅನ್ನೋರು ಕೈ ಎತ್ತಿ" ಎಂದರು. ಐದು ಕೈ ಎದ್ದವು. ನಿಲ್ಲಿಸಿ ಎಂದು ನಾನೂ ಅರ್ಜಿ ಹಿಡಿದಿದ್ದ ಕೈಯನ್ನು ಮೇಲೆತ್ತಿದ್ದೆ. ಅವರು ಅದನ್ನೂ ಎಣಿಸಿಕೊಂಡು, "ಆರು. ಸರ್ವಾನುಮತ!" ಎಂದರು.

ಬಾಗಿಲ ಬಳಿಯ ಬೆಂಚು ಖಾಲಿಯಾಗಿತ್ತು. ಮೇಜಿನ ಮೇಲೆ ಮರದ್ದರ ಪೆಟ್ಟಿಗೆ ಬರಿದಾಗಿ ತೆರೆದಿತ್ತು. ಇಮಾಮ್ ಸಾಬರೂ ಕಾಣಲಿಲ್ಲ. ಅಂಗಡಿಯವರು ಮಧ್ಯಾಹ್ನ ಹನ್ನೆರಡಕ್ಕೆ ಬಂದು ಬೇಡವಾದದ್ದನ್ನು ಒಯ್ಯುವವರಿದ್ದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು.

ಪಕ್ಕದ ರೇಂಜಿನಿಂದ ಸದ್ದು ಬಂತು. ಆಮೇಲೆ ತಗಡಿಗೆ ಸೀಸ ಬಡಿದದ್ದು. ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಸದ್ದು.

ಶೇಷಾಚಲಯ್ಯನವರು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು ನನ್ನ ಬೆನ್ನಿಗೆ ಗುದ್ದಿದರು. "ಸಾಕು ನಿಲ್ಸೋ ಮಾರಾಯಾ! ಇನ್ನೂ ಅದನ್ನೇ ಮಾಡ್ತಿದ್ದೀಯಲ್ಲೋ! ಹೊಟ್ಟೆ ಹುಣ್ಣಾಗ್ತಿದೆ!"

ನನ್ನ ಬಾಯಿ ಮುಚ್ಚಿತ್ತು. ಗೋಡೆಯಾಚೆ ವಾರಿಜಾಕ್ಷಿಯವರು ಅವಸರವಿಲ್ಲದೆ, ಒಂದಾದ ಮೇಲೊಂದು ಹೊಡೆಯುತ್ತಿದ್ದರು. ಪ್ರತಿ ಸದ್ದಿಗೂ ಶೇಷಾಚಲಯ್ಯನವರು ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು, ಕೋಣೆಯಲ್ಲಿದ್ದ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.